ಊರಿಗಲ್ಲದ ಎರಡು ದಿನ: ಪುಣೆಯಿಂದ ಕೃಷ್ಣೆಯ ದಡಕ್ಕೆ ದಂಪತಿಗಳ ಮಿತವ್ಯಯದ ಪಯಣ

ಪುಣೆ: ಪುಣೆ, ಪಿಂಪ್ರಿ-ಚಿಂಚವಾಡ ಪರಿಸರದ ಕನ್ನಡಿಗರ ಮನೆಗಳಲ್ಲಿ ರಜೆ ಎಂದರೆ ಒಂದೇ ಅರ್ಥ, ಅದು ಊರು. ಮೇ ತಿಂಗಳ ಮದುವೆ-ಮುಂಜಿ, ದೈವದ ನೇಮ, ಗ್ರಾಮದೇವತೆಯ ಜಾತ್ರೆ, ಗೃಹಪ್ರವೇಶ, ಅಣ್ಣ-ತಮ್ಮಂದಿರ ಪಾಲುಪಟ್ಟಿ, ವಯಸ್ಸಾದ ತಾಯಿಯ ಚಿಕಿತ್ಸೆ, ಹೀಗೆ ವರ್ಷದ ರಜೆಯೆಲ್ಲ ಅಲ್ಲಿಗೇ ಸಂದಾಯ. ಉಡುಪಿ-ಮಂಗಳೂರಿನವರಿರಲಿ, ವಿಜಯಪುರ-ಕಲಬುರಗಿಯವರಿರಲಿ, ಧಾರವಾಡ-ಬೆಳಗಾವಿಯವರಿರಲಿ, ಈ ವಿಷಯದಲ್ಲಿ ಮಾತ್ರ ನಾವೆಲ್ಲ ಒಂದೇ ಜಾತಿ. ಬ್ಯಾಗು ತುಂಬಿಸುವಾಗ ಅದರಲ್ಲಿ ಅರ್ಧ ಊರಿನವರಿಗೆ ಕೊಡುವ ಸಾಮಾನು, ಮರಳಿ ಬರುವಾಗ ಅರ್ಧ ಊರಿನವರು ಕೊಟ್ಟ ಸಾಮಾನು. ನಡುವೆ ಗಂಡ-ಹೆಂಡತಿ ಪರಸ್ಪರ ನಾಲ್ಕು ಮಾತಾಡಿದ್ದೆಷ್ಟು ಎಂದು ಕೇಳಿದರೆ ಇಬ್ಬರೂ ನಗುತ್ತಾರೆ.

ಇದು ನಗುವ ವಿಷಯವಷ್ಟೇ ಅಲ್ಲ ಎಂಬುದು ಈ ಲೇಖನಕ್ಕೆ ಕಾರಣ. ಇಪ್ಪತ್ತು-ಇಪ್ಪತ್ತೈದು ವರ್ಷ ಸಂಸಾರ ನಡೆಸಿ, ಮಕ್ಕಳನ್ನು ಓದಿಸಿ, ಸ್ವಂತದ್ದೊಂದು ಫ್ಲಾಟು ಮಾಡಿಕೊಂಡು, ಆದರೆ ಇಬ್ಬರೇ ಎಲ್ಲಿಗೂ ಹೋಗಿಲ್ಲ ಎನ್ನುವ ದಂಪತಿಗಳು ನಮ್ಮ ನಡುವೆ ಧಾರಾಳವಾಗಿ ಸಿಗುತ್ತಾರೆ. ಹೋಟೆಲ್ ಕ್ಷೇತ್ರದಲ್ಲಿರುವವರ ಮನೆಗಳಲ್ಲಂತೂ ಇದು ಸರ್ವೇಸಾಮಾನ್ಯ. ಗಂಡ ಮನೆಗೆ ಬರುವಾಗ ಹೆಂಡತಿ ಮಲಗಿರುತ್ತಾಳೆ, ಹೆಂಡತಿ ಎದ್ದು ಮಕ್ಕಳ ಡಬ್ಬಿ ಕಟ್ಟುವಾಗ ಗಂಡ ಮಲಗಿರುತ್ತಾನೆ. ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋದ ಮೇಲೆ ಇಬ್ಬರೂ ಎದುರುಬದುರು ಕುಳಿತರೆ ಮಾತಿಗೆ ವಿಷಯವೇ ಇರುವುದಿಲ್ಲ. ಟಿವಿ ಹಚ್ಚುತ್ತಾರೆ.

ನಮ್ಮ ಸಂಘ-ಸಂಸ್ಥೆಗಳು ವರ್ಷಕ್ಕೊಮ್ಮೆ ವಿಹಾರಕೂಟ ಏರ್ಪಡಿಸುತ್ತವಲ್ಲ ಎನ್ನಬಹುದು. ಏರ್ಪಡಿಸುತ್ತವೆ, ಅಚ್ಚುಕಟ್ಟಾಗಿಯೇ ನಡೆಸುತ್ತವೆ. ಆದರೆ ಆ ಬಸ್ಸಿನಲ್ಲಿ ಗಂಡಸರು ಮುಂದೆ, ಮಹಿಳಾ ವಿಭಾಗದವರು ಹಿಂದೆ ಕೂರುತ್ತಾರೆ. ಅಂತ್ಯಾಕ್ಷರಿ, ಹೌಸಿ, ಹಗ್ಗಜಗ್ಗಾಟ ಮುಗಿದು ಮನೆಗೆ ಬರುವ ಹೊತ್ತಿಗೆ ದಂಪತಿ ಒಬ್ಬರನ್ನೊಬ್ಬರು ನೋಡಿರುವುದು ಸಾಮೂಹಿಕ ಫೋಟೋದಲ್ಲಿ ಮಾತ್ರ.

"ಖರ್ಚು ಯಾರು ನೋಡಿಕೊಳ್ಳುತ್ತಾರೆ?" ಎಂಬುದು ಮೊದಲ ಆಕ್ಷೇಪ. ಲೋಣಾವಳ, ಮಹಾಬಳೇಶ್ವರಗಳ ರಿಸಾರ್ಟುಗಳಲ್ಲಿ ಶನಿವಾರ ರಾತ್ರಿಯ ಬಾಡಿಗೆ ಕೇಳಿದರೆ ಆಕ್ಷೇಪ ನ್ಯಾಯವೇ. ಆದರೆ ಪುಣೆಯಲ್ಲಿ ಕುಳಿತವರಿಗೆ ಆ ಎರಡು ಹೆಸರುಗಳ ಆಚೆಗೂ ಜಗತ್ತಿದೆ.

ಒಂದೇ ದಿನ ಸಾಕೆನ್ನುವವರಿಗೆ ಪುಣೆ-ಲೋಣಾವಳ ಲೋಕಲ್ ಇದೆ. ಶಿವಾಜಿನಗರದಲ್ಲಿ ಹತ್ತಿ ಮಳವಳಿ ನಿಲ್ದಾಣದಲ್ಲಿ ಇಳಿಯುವುದು. ಟಿಕೆಟು ಇಂದಿಗೂ ಎರಡಂಕಿ ದಾಟದು. ಹಳಿಯ ಒಂದು ಬದಿಗೆ ಭಾಜೆ, ಇನ್ನೊಂದು ಬದಿಗೆ ಕಾರ್ಲೆಯ ಬೌದ್ಧ ಗುಹೆಗಳು. ಎರಡೂ ಎರಡು ಸಾವಿರ ವರ್ಷಗಳಷ್ಟು ಹಳೆಯವು. ಬುತ್ತಿ ಕಟ್ಟಿಕೊಂಡು ಹೋದರೆ ಮುನ್ನೂರು-ನಾನೂರು ರೂಪಾಯಿಯಲ್ಲಿ ದಿನ ಮುಗಿಯುತ್ತದೆ. ಸಾತಾರದ ಕಾಸ್ ಪ್ರಸ್ಥಭೂಮಿಯೂ ಉಂಟು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೂ ಹಾಸುವ ಈ ಬಯಲು 2012ರಲ್ಲಿ ಪಶ್ಚಿಮ ಘಟ್ಟದ ಇತರ ತಾಣಗಳೊಂದಿಗೆ ಯುನೆಸ್ಕೋ ಪಟ್ಟಿ ಸೇರಿತು. ಆದರೆ ಹೂವಿನ ಕಾಲದ ಭಾನುವಾರ ಅಲ್ಲಿ ಹೂವಿಗಿಂತ ಜನ ಹೆಚ್ಚು. ಮುಂಗಡ ನೋಂದಣಿ ಬೇಕು, ವಾರದ ನಡುವಿನ ದಿನವಾದರೆ ಒಳ್ಳೆಯದು.

ಎರಡು ದಿನ ಸಿಕ್ಕಿದರೆ ನಮ್ಮ ಶಿಫಾರಸು ಬೇರೆಯೇ ಇದೆ. ಮೀರಜ್, ನರಸೋಬವಾಡಿ, ಖಿದ್ರಾಪುರ, ಕೊಲ್ಹಾಪುರ. ಮಹಾಬಳೇಶ್ವರದಲ್ಲಿ ಹುಟ್ಟಿ ನಮ್ಮ ಆಲಮಟ್ಟಿಗೆ ಹರಿದುಹೋಗುವ ಕೃಷ್ಣೆಯ ದಡದಲ್ಲಿ, ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುವ ಸೀಮೆಯಲ್ಲಿ, ಯಾವ ಬಂಧುವೂ ಊಟಕ್ಕೆ ಕರೆಯದ ಎರಡು ದಿನ.

ರಾತ್ರಿ ರೈಲು, ನಸುಕಿನ ಮೀರಜ್

ಮುಂಬಯಿಯಿಂದ ಹೊರಡುವ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಮಧ್ಯರಾತ್ರಿಯ ಆಸುಪಾಸಿಗೆ ಪುಣೆ ಮುಟ್ಟಿ, ಸಾತಾರ, ಕರಾಡ, ಸಾಂಗ್ಲಿ ಮಾರ್ಗವಾಗಿ ನಸುಕಿಗೆ ಮೀರಜ್ ತಲುಪುತ್ತದೆ. ಸ್ಲೀಪರ್ ದರ್ಜೆಗೆ ಒಬ್ಬರಿಗೆ 250 ರೂ. ಒಳಗೇ ಮುಗಿಯುತ್ತದೆ, ಜತೆಗೆ ಒಂದು ರಾತ್ರಿಯ ಲಾಡ್ಜ್ ಬಾಡಿಗೆಯೂ ಉಳಿಯಿತು. ಗಾಡಿ ಹನ್ನೆರಡು ಗಂಟೆಯ ಅಂಚಿನಲ್ಲಿ ಬರುವುದರಿಂದ ಟಿಕೆಟಿನ ಮೇಲಿನ ದಿನಾಂಕವನ್ನು ಎರಡೆರಡು ಸಲ ನೋಡಿಕೊಳ್ಳುವುದು ಒಳಿತು. ಶುಕ್ರವಾರ ರಾತ್ರಿ ಎಂದು ನಾವು ಅನ್ನುವುದು ರೈಲ್ವೆಯವರ ಲೆಕ್ಕದಲ್ಲಿ ಶನಿವಾರ ಆಗಿರಬಹುದು. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವಿಕೆ 120 ದಿನದ ಬದಲು 60 ದಿನಕ್ಕೆ ಇಳಿದಿದೆ, ಆದ್ದರಿಂದ ಎರಡು ತಿಂಗಳ ಮೊದಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡರೆ ಸಾಕು. ಹಿರಿಯ ನಾಗರಿಕರಿಗಿದ್ದ ರೈಲು ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು ಎಂಬುದು ನಮ್ಮ ಹಿರಿಯ ದಂಪತಿಗಳಿಗೆ ಬೇಸರದ ಸಂಗತಿಯೇ ಸರಿ.

ಮೀರಜ್ ಎಂದರೆ ನಮ್ಮವರಿಗೆ ಗಾಡಿ ಬದಲಿಸುವ ಜಂಕ್ಷನ್. ಒಂದೆರಡು ತಾಸು ಪೇಟೆಯೊಳಗೆ ಹೋದವರು ಕಡಿಮೆ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ ಊರಿದು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಇಲ್ಲಿನ ಮೀರಾಸಾಹೇಬ ದರ್ಗಾದಲ್ಲಿದೆ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗದಗ ಸೀಮೆಯ ಪಂಡಿತ ಭೀಮಸೇನ ಜೋಶಿ. ಗುರುವಿನ ಹೆಸರಿನಲ್ಲಿ ಭೀಮಸೇನರು ಪುಣೆಯಲ್ಲಿ ನಡೆಸಿಕೊಂಡು ಬಂದ ಉತ್ಸವ 1953ರಿಂದ ನಡೆಯುತ್ತಿದೆ, ಪ್ರತಿ ಡಿಸೆಂಬರ್‌ನಲ್ಲಿ ನಮ್ಮಲ್ಲಿ ಅನೇಕರು ಅಲ್ಲಿ ಚಾಪೆ ಹಿಡಿದು ಕೂರುವವರೇ. ಆ ಪರಂಪರೆಯ ಒಂದು ಬೇರು ಇಲ್ಲಿದೆ ಎಂದು ತಿಳಿದು ಹೋದರೆ ದರ್ಗಾದ ಅಂಗಳ ಬೇರೆಯೇ ತೋರುತ್ತದೆ. ಪಕ್ಕದ ಗಲ್ಲಿಗಳಲ್ಲಿ ಸಿತಾರ್, ತಂಬೂರಿ ಮಾಡುವ ಮನೆತನಗಳಿವೆ. ಒಣಗಿದ ದೊಡ್ಡ ಕುಂಬಳ ಜಾತಿಯ ಬುರುಡೆಗಳನ್ನು ಮಾಳಿಗೆಯಿಂದ ತೂಗುಹಾಕಿರುತ್ತಾರೆ. ಮೀರಜಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ನೋಡುವುದಕ್ಕೆ ಯಾರೂ ಕಾಸು ಕೇಳುವುದಿಲ್ಲ, ಬೇಡ ಎನ್ನುವುದೂ ಇಲ್ಲ.

ಮುನಿಸಿಕೊಂಡ ಶಿವನ ಊರು

ಮೀರಜಿನಿಂದ ಜಯಸಿಂಗಪುರ ದಾರಿಯಾಗಿ ನರಸೋಬವಾಡಿಗೆ ಬಸ್ಸು ಸಿಗುತ್ತದೆ. ಕೃಷ್ಣಾ-ಪಂಚಗಂಗಾ ಸಂಗಮದ ದತ್ತಕ್ಷೇತ್ರ. ಶ್ರೀ ನೃಸಿಂಹ ಸರಸ್ವತಿಯವರು ಇಲ್ಲಿ ಹನ್ನೆರಡು ವರ್ಷವಿದ್ದು ಬಳಿಕ ನಮ್ಮ ಗಾಣಗಾಪುರಕ್ಕೆ ತೆರಳಿದರೆಂದು ಭಕ್ತರ ನಂಬಿಕೆ. ಮಂದಿರ ಕಟ್ಟಿಸಿದ್ದು ಬಿಜಾಪುರದ ಆದಿಲಶಾಹಿ ಅರಸ ಎಂಬ ಪ್ರತೀತಿಯೂ ಇದೆ. ಘಟ್ಟದ ಮೆಟ್ಟಿಲ ಮೇಲೆ ಕುಳಿತರೆ ಎದ್ದೇಳಲು ಮನಸ್ಸಾಗದು. ಮಧ್ಯಾಹ್ನ ಮಹಾಪ್ರಸಾದ, ಬೇಕೆನಿಸಿದರೆ ಪೇಟೆಯಲ್ಲಿ ಬಾಸುಂದಿ, ಪೇಢೆ ಮತ್ತು ಬೇರೆಲ್ಲೂ ಅಷ್ಟು ಸುಲಭಕ್ಕೆ ಸಿಗದ ಬೇಲದ ಹಣ್ಣಿನ ಬರ್ಫಿ.

ಇಲ್ಲಿಂದ ಕುರುಂದವಾಡ ದಾಟಿ ಖಿದ್ರಾಪುರ ಇಪ್ಪತ್ತು ಕಿ.ಮೀ. ಒಳಗೇ. ಬಸ್ಸುಗಳು ವಿರಳ, ಹೀಗಾಗಿ ಹೋಗಿ-ಬಂದು ಅಲ್ಲಿ ಎರಡು ತಾಸು ಕಾಯುವುದಕ್ಕೂ ಸೇರಿಸಿ ರಿಕ್ಷಾದವರ ಹತ್ತಿರ ಮೊದಲೇ ದರ ಮಾತಾಡಿಕೊಳ್ಳುವುದು ಜಾಣತನ. ಇಡೀ ಪ್ರವಾಸದಲ್ಲಿ ಕೈಬಿಚ್ಚಿ ಖರ್ಚು ಮಾಡಬೇಕಾದ ಜಾಗ ಯಾವುದಾದರೂ ಇದ್ದರೆ ಇದೇ.

ಕಬ್ಬಿನ ಗದ್ದೆಗಳ ನಡುವಿನ ಸಾಧಾರಣ ಹಳ್ಳಿ. ತಿರುವಿನಲ್ಲಿ ಇದ್ದಕ್ಕಿದ್ದಂತೆ ಎದುರಾಗುತ್ತದೆ ಕೋಪೇಶ್ವರ ದೇವಾಲಯ. ಹನ್ನೆರಡನೆಯ ಶತಮಾನದ ಶಿಲಾಹಾರರ ಕಾಲದ ಕಟ್ಟಡ. ಈ ಶಿಲಾಹಾರರು ಕಲ್ಯಾಣದ ಚಾಲುಕ್ಯರ ಸಾಮಂತರು, ಇವರ ಶಾಸನಗಳಲ್ಲಿ ಬಹುಪಾಲು ಕನ್ನಡದವು. ದೇವಾಲಯದಲ್ಲಿರುವ ಹತ್ತಾರು ಶಾಸನಗಳಲ್ಲೂ ಹೆಚ್ಚಿನವು ಹಳಗನ್ನಡದಲ್ಲಿವೆ. ಯಾದವ ದೊರೆ ಸಿಂಘಣನ ಕಾಲದ ಸಂಸ್ಕೃತ ಶಾಸನ ಮಾತ್ರ ದೇವನಾಗರಿಯಲ್ಲಿದೆ. ಮಹಾರಾಷ್ಟ್ರದ ಮಣ್ಣಿನಲ್ಲಿ ನಿಂತು ಕಂಬದ ಮೇಲೆ ನಮ್ಮ ಅಕ್ಷರದ ಗುಂಡು ಗುಂಡಾದ ರೂಪ ಗುರುತಿಸುವಾಗ ಆಗುವ ಪುಳಕವನ್ನು ಪುಣೆಯಲ್ಲಿ ಅಂಗಡಿ ಬೋರ್ಡುಗಳನ್ನು ಮರಾಠಿಯಲ್ಲಿ ಓದಿ ಬೆಳೆದ ನಮ್ಮ ಮಕ್ಕಳಿಗೂ ಒಮ್ಮೆ ತೋರಿಸಬೇಕು. ಆದರೆ ಮಕ್ಕಳನ್ನು ಮುಂದಿನ ಸಲ ಕರೆದೊಯ್ಯಿರಿ. ಈ ಸಲ ಬೇಡ.

ಮುಂಭಾಗದ ಸ್ವರ್ಗ ಮಂಟಪವೇ ಇಲ್ಲಿನ ಸೋಜಿಗ. 48 ಕಂಬಗಳ ಮೇಲೆ ನಿಂತ ಮಂಟಪಕ್ಕೆ ನಡುವೆ ಚಾವಣಿಯಿಲ್ಲ, ಸುಮಾರು 13 ಅಡಿ ಅಗಲದ ದುಂಡನೆಯ ತೆರಪು. ಕೆಳಗೆ ಅಷ್ಟೇ ದುಂಡನೆಯ ಒಂದೇ ಶಿಲೆಯ ಹಾಸು. ಕಾರ್ತಿಕ ಹುಣ್ಣಿಮೆಯ ರಾತ್ರಿ ಚಂದ್ರ ನೇರ ಆ ತೆರಪಿಗೆ ಬರುವುದನ್ನು ನೋಡಲು ಜನ ಸೇರುತ್ತಾರೆ. ಉಳಿದ ದಿನ ಮಂಟಪ ನಿಮ್ಮಿಬ್ಬರದೇ ಎನ್ನುವಷ್ಟು ಶಾಂತ. ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು ದೇವಾಲಯವನ್ನೇ ಹೊತ್ತು ನಿಂತಂತಿದೆ. ಒಂದಕ್ಕಿಂತ ಒಂದು ಭಿನ್ನ. ಊರಲ್ಲಿ ಪುರಾತನ ಜೈನ ಬಸದಿಯೂ ಇದೆ, ಬಿಡಬೇಡಿ.

ಶಿವಾಲಯವಾದರೂ ಎದುರಿಗೆ ನಂದಿ ಇಲ್ಲ. ಅದಕ್ಕೊಂದು ಕಥೆ. ದಕ್ಷ ಯಜ್ಞಕ್ಕೆ ಕರೆಯದಿದ್ದರೂ ತವರಿಗೆ ಹೋಗಲೇಬೇಕೆಂದು ಸತಿ ಹಟ ಹಿಡಿದಳು, ಶಿವ ನಂದಿಯನ್ನು ಕೊಟ್ಟು ಕಳಿಸಿದ. ಅಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ಕೋಪದಿಂದ ಉರಿಯುತ್ತ ಕುಳಿತ ಶಿವನೇ ಕೋಪೇಶ್ವರ, ಅವನನ್ನು ಸಮಾಧಾನಪಡಿಸಲು ಬಂದ ವಿಷ್ಣು ಧೋಪೇಶ್ವರ. ಗರ್ಭಗುಡಿಯಲ್ಲಿ ಇಬ್ಬರೂ ಇದ್ದಾರೆ. ನಂದಿ ಮಾತ್ರ ಗಡಿಯಾಚೆ, ಚಿಕ್ಕೋಡಿ ಸೀಮೆಯ ಯಡೂರಿನಲ್ಲಿದ್ದಾನೆ ಎನ್ನುತ್ತಾರೆ. ಅಂದರೆ ಶಿವ ಮಹಾರಾಷ್ಟ್ರದಲ್ಲಿ, ನಂದಿ ಕರ್ನಾಟಕದಲ್ಲಿ. ಭಾಷಾವಾರು ಪ್ರಾಂತ ರಚನೆಗೆ ಎಷ್ಟೋ ಶತಮಾನ ಮೊದಲೇ ಇವರು ಪಾಲಾಗಿ ಕುಳಿತಿದ್ದರು. ಹೆಂಡತಿ ತವರಿಗೆ ಹೊರಟಾಗಲೆಲ್ಲ ಮುಖ ಗಂಟಿಕ್ಕುವ ಗಂಡಂದಿರು ಈ ಕಥೆಯನ್ನು ಅರ್ಚಕರ ಬಾಯಿಂದಲೇ ಕೇಳಿಸಿಕೊಂಡು ಬರುವುದು ಉತ್ತಮ. ಜತೆಯಲ್ಲಿ ನಿಂತವರ ಮುಖ ಆಗ ನೋಡುವಂತಿರುತ್ತದೆ.

ಕೊಲ್ಹಾಪುರದಲ್ಲಿ ಒಂದು ರಾತ್ರಿ

ಸಂಜೆಯೊಳಗೆ ಕುರುಂದವಾಡಕ್ಕೆ ಮರಳಿದರೆ ಕೊಲ್ಹಾಪುರಕ್ಕೆ ಎಸ್.ಟಿ. ಬಸ್ಸುಗಳಿಗೆ ಕೊರತೆಯಿಲ್ಲ. ವಸತಿಗೆ ಮಹಾಲಕ್ಷ್ಮಿ ಮಂದಿರದ ಸುತ್ತಮುತ್ತಲಿನ ಧರ್ಮಶಾಲೆ, ಭಕ್ತ ನಿವಾಸಗಳು ಅಗ್ಗ. ಆದರೆ ಕೆಲವೆಡೆ ರಾತ್ರಿ ಬಾಗಿಲು ಬೇಗ ಹಾಕುತ್ತಾರೆ, ಗದ್ದಲವೂ ಇರುತ್ತದೆ. ಇಷ್ಟು ದೂರ ಇಬ್ಬರೇ ಬಂದು ಸಾಲು ಮಂಚದ ಹಾಲ್‌ನಲ್ಲಿ ಮಲಗುವುದೇಕೆ? ಇದೊಂದು ಕಡೆ ಜಿಪುಣತನ ಬೇಡ, ಬಸ್ ನಿಲ್ದಾಣದ ಕಡೆ ಸಾವಿರ-ಹನ್ನೆರಡು ನೂರಕ್ಕೆ ಶುಚಿಯಾದ ಕೋಣೆ ಹುಡುಕಬಹುದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ. ತನಕದ ಕೋಣೆಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಬಿಲ್ಲು ನೋಡಿಕೊಳ್ಳಿ ಎಂದು ಹೋಟೆಲ್ ಉದ್ಯಮದ ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಇಬ್ಬರದೂ ಗುರುತುಪತ್ರ ಜತೆಗಿರಲಿ.

ರಾತ್ರಿ ಊಟಕ್ಕೆ ಮಾಂಸಾಹಾರಿಗಳಿಗೆ ತಾಂಬಡಾ-ಪಾಂಢರಾ ರಸ್ಸಾ. ಸಸ್ಯಾಹಾರಿಗಳು ಬೆಳಗಿನ ಮಿಸಳ್ ತನಕ ಕಾಯಲಿ. ರಂಕಾಳಾ ಕೆರೆಯ ದಂಡೆಯ ಮೇಲೆ ಭೇಳ್ ತಿನ್ನುತ್ತ ನಡೆಯುವುದಕ್ಕೆ, ಗಂಗಾವೇಶಿಯ ದೂಧ್ ಕಟ್ಟೆಯಲ್ಲಿ ಎದುರಿಗೇ ಕರೆದ ಎಮ್ಮೆ ಹಾಲನ್ನು ನೊರೆ ಸಮೇತ ಕುಡಿಯುವುದಕ್ಕೆ ನೂರು ರೂಪಾಯಿಯೂ ಬೇಡ. ಪೈಲ್ವಾನರ ಊರಿನ ಪದ್ಧತಿಯಿದು.

ಭಾನುವಾರ ಬೆಳಿಗ್ಗೆ ಬೇಗ ಅಂಬಾಬಾಯಿಯ ದರ್ಶನ ಮುಗಿಸಿಕೊಳ್ಳಬೇಕು, ಹತ್ತು ಗಂಟೆಯ ಮೇಲೆ ಸರತಿ ಉದ್ದವಾಗುತ್ತದೆ. ನವೆಂಬರ್‌ನಲ್ಲಿ ಮತ್ತು ಜನವರಿ ಕೊನೆ-ಫೆಬ್ರವರಿ ಆರಂಭದಲ್ಲಿ ಕಿರಣೋತ್ಸವ. ಮುಳುಗುವ ಸೂರ್ಯನ ಕಿರಣ ಮಹಾದ್ವಾರದಿಂದ ಬಂದು ಮೊದಲ ದಿನ ದೇವಿಯ ಪಾದ, ಮರುದಿನ ಎದೆ, ಮೂರನೆಯ ದಿನ ಮುಖ ಮುಟ್ಟುತ್ತದೆ. ಅದು ಸಂಜೆಯ ಹೊತ್ತು, ಆ ದಿನಗಳಲ್ಲಿ ಹೋಗುವವರು ಮೊದಲ ದಿನವೇ ನೇರ ಕೊಲ್ಹಾಪುರಕ್ಕೆ ಹೋಗುವುದು ಮೇಲು.

ಟೌನ್ ಹಾಲ್ ವಸ್ತುಸಂಗ್ರಹಾಲಯವನ್ನು ಭಕ್ತರು ಸಾಮಾನ್ಯವಾಗಿ ನೋಡುವುದಿಲ್ಲ. 1940ರ ದಶಕದಲ್ಲಿ ಪಂಚಗಂಗೆಯ ದಡದ ಬ್ರಹ್ಮಪುರಿ ದಿಬ್ಬದಲ್ಲಿ ಸಿಕ್ಕಿದ ಗ್ರೀಕ್ ಕಡಲದೇವತೆ ಪೊಸೈಡನ್ನನ ಗೇಣುದ್ದದ ಕಂಚಿನ ಮೂರ್ತಿಯ ಊರು ಇದು. ಆ ದಿಬ್ಬದ ಉತ್ಖನನದಲ್ಲಿ ನಮ್ಮ ಪುಣೆಯ ಡೆಕ್ಕನ್ ಕಾಲೇಜಿನ ಡಾ. ಸಾಂಕಳಿಯಾ ಅವರ ಪಾತ್ರ ದೊಡ್ಡದು. ಎರಡು ಸಾವಿರ ವರ್ಷದ ಹಿಂದೆಯೂ ದೂರದವರು ವ್ಯಾಪಾರಕ್ಕೆಂದು ಈ ಕಡೆ ಬರುತ್ತಿದ್ದರು ಎನ್ನಲು ಇನ್ನೇನು ಸಾಕ್ಷಿ ಬೇಕು?

ಖರ್ಚಿನ ಲೆಕ್ಕ

ಈಗ ಕಿಸೆಯ ಮಾತು. ರೈಲಿಗೆ ಇಬ್ಬರಿಗೆ 500, ಮೀರಜ್-ವಾಡಿ ಬಸ್ಸಿಗೆ 100, ಖಿದ್ರಾಪುರದ ರಿಕ್ಷಾಕ್ಕೆ 900, ಕೊಲ್ಹಾಪುರಕ್ಕೆ ಬಸ್ಸು 150, ಕೋಣೆ 1,200, ಎರಡು ದಿನದ ಊಟ-ತಿಂಡಿ 1,000, ಮರಳಿ ಪುಣೆಗೆ ಬಸ್ಸು 600. ಒಟ್ಟು 4,450. ಅಂದಾಜಿನ ಲೆಕ್ಕವಾದ್ದರಿಂದ ಐದು ಸಾವಿರ ಎಂದಿಟ್ಟುಕೊಳ್ಳಿ. ನಮ್ಮ ಕಡೆಯ ಒಂದು ಮದುವೆಗೆ ಉಡುಗೊರೆ, ಸೀರೆ, ಪ್ರಯಾಣ ಎಂದು ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಮರಳುವ ಬಸ್ಸಿನಲ್ಲಿ ಗಮನಿಸಬೇಕಾದ ಅಂಶವೊಂದಿದೆ. 2023ರ ಮಾರ್ಚ್ 17ರಿಂದ ಮಹಾರಾಷ್ಟ್ರ ಎಸ್.ಟಿ.ಯಲ್ಲಿ ರಾಜ್ಯದೊಳಗಿನ ಪ್ರಯಾಣಕ್ಕೆ ಮಹಿಳೆಯರಿಗೆ ಅರ್ಧ ಟಿಕೆಟು. ಕೊಲ್ಹಾಪುರದಿಂದ ಪುಣೆಗೆ ಸಾಧಾರಣ ಬಸ್ಸಿನಲ್ಲಿ ಪೂರ್ಣ ದರ 400 ರೂ. ಆಸುಪಾಸು. ಹಾಗಾಗಿ ಇಬ್ಬರಿಗೆ 600. 65 ದಾಟಿದ ಹಿರಿಯರಿಗೂ ಅರ್ಧ, 75 ದಾಟಿದವರಿಗೆ ಉಚಿತ. ಗಂಡನ ಟಿಕೆಟು ಮಾತ್ರ ಪೂರಾ ಎಂಬ ಈ ವ್ಯವಸ್ಥೆಯನ್ನು ನಮ್ಮ ಮಹಿಳೆಯರು ಬಹಳ ಖುಷಿಯಿಂದ ನೆನಪಿಸುವುದನ್ನು ಕೇಳಿದ್ದೇವೆ. ಆದರೆ ಹುರುಪಿನಲ್ಲಿ ಗಡಿ ದಾಟಿ ಯಡೂರಿಗೋ ನಿಪ್ಪಾಣಿಗೋ ಹೋದರೆ ಲೆಕ್ಕ ಬದಲಾಗುತ್ತದೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಆ ರಾಜ್ಯದ ನಿವಾಸಿ ಮಹಿಳೆಯರಿಗೆ ಮಾತ್ರ. ಆಧಾರ್‌ನಲ್ಲಿ ಪುಣೆಯ ವಿಳಾಸವಿರುವ ನಮ್ಮ ಅಕ್ಕ-ತಂಗಿಯರು ಅಚ್ಚ ಕನ್ನಡದಲ್ಲಿ ಮಾತಾಡಿದರೂ ಕಂಡಕ್ಟರ್ ಟಿಕೆಟು ಹರಿಯುತ್ತಾನೆ. ಇಲ್ಲಿ ಹೊರಗಿನವರು, ಅಲ್ಲಿಯೂ ಹೊರಗಿನವರು ಎಂಬ ನಮ್ಮ ಹಳೆಯ ಪಾಡು ಬಸ್ ಟಿಕೆಟಿನಲ್ಲೂ ತಪ್ಪಲಿಲ್ಲ.

ಯಾವ ದಿನ ಹೊರಡಬೇಕು ಎಂಬುದೂ ಮುಖ್ಯ. ಹೋಟೆಲಿನವರಿಗೆ ಶನಿವಾರ-ಭಾನುವಾರ ಗಲ್ಲಾ ಬಿಟ್ಟು ಹೊರಡುವುದು ಅಸಾಧ್ಯದ ಮಾತು. ಅವರು ಸೋಮವಾರ-ಮಂಗಳವಾರ ಇಟ್ಟುಕೊಂಡರೆ ಕೋಣೆಯೂ ಅಗ್ಗ, ಮಂದಿರದಲ್ಲಿ ಸರತಿಯೂ ಚಿಕ್ಕದು. ಪಿಂಪ್ರಿ-ಭೋಸರಿಯ ಕಾರ್ಖಾನೆಗಳಲ್ಲಿ ಗುರುವಾರ ವಾರದ ರಜೆ ಇರುವವರು ಮಾತ್ರ ಎಚ್ಚರ ವಹಿಸಬೇಕು. ಗುರುವಾರ ದತ್ತನ ವಾರ, ನರಸೋಬವಾಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥವರು ಒಂದು ದಿನದ ರಜೆ ಹಾಕಿ ಬುಧವಾರ ವಾಡಿ-ಖಿದ್ರಾಪುರ, ಗುರುವಾರ ಕೊಲ್ಹಾಪುರ ಎಂದು ಯೋಜಿಸಿದರಾಯಿತು.

ಮಳೆಗಾಲದಲ್ಲಿ ಈ ಪಯಣ ಬೇಡ. ಶಿರೋಳ ತಾಲೂಕು ನೆರೆಯ ಸೀಮೆ, 2005, 2019 ಮತ್ತು 2021ರಲ್ಲಿ ಇಲ್ಲಿನ ಹಳ್ಳಿಗಳು ನೀರಲ್ಲಿ ನಿಂತಿದ್ದವು. ವಾಡಿಯಲ್ಲಿ ನದಿ ಮಂದಿರದೊಳಗೆ ಹೊಕ್ಕು ಪಾದುಕೆಗಳ ಮೇಲೆ ಹರಿದು ದಕ್ಷಿಣ ಬಾಗಿಲಿನಿಂದ ಹೊರಬೀಳುವ ದಕ್ಷಿಣದ್ವಾರ ಸ್ನಾನಕ್ಕೆ ಭಕ್ತರು ಮುಗಿಬೀಳುತ್ತಾರೆ ನಿಜ. ಆದರೆ ಅದೇ ಹೊತ್ತಿಗೆ ರಸ್ತೆಗಳೂ ಮುಚ್ಚುತ್ತವೆ. ಮಳೆಗಾಲಕ್ಕೆ ಲೋಣಾವಳದ ಕಡೆ ಹೋಗುವವರಿಗೂ ಇದೇ ಮಾತು. 2024ರ ಜೂನ್ 30ರಂದು ಭುಶಿ ಅಣೆಕಟ್ಟಿನ ಬಳಿ ಪುಣೆಯ ಒಂದೇ ಕುಟುಂಬದ ಐವರು ಕೊಚ್ಚಿಹೋದರು. 2025ರ ಜೂನ್ 15ರಂದು ತಳೆಗಾಂವ್ ಸಮೀಪದ ಕುಂಡಮಳಾದಲ್ಲಿ ಇಂದ್ರಾಯಣಿಯ ಹಳೆಯ ಸೇತುವೆ ಕುಸಿದು ನಾಲ್ವರು ಸತ್ತರು. ಎರಡೂ ಭಾನುವಾರಗಳೇ. ನೀರಿನ ಹತ್ತಿರ ಫೋಟೋ ಬೇಡ ಎಂದು ಹೆಂಡತಿ ಹೇಳಿದರೆ ಕೇಳಬೇಕು.

ನವೆಂಬರ್‌ನಿಂದ ಫೆಬ್ರವರಿ ಮಧ್ಯದ ತನಕ ಒಳ್ಳೆಯ ಕಾಲ, ಆದರೆ ಆಗ ಕಾರ್ಖಾನೆಗಳಿಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಿರುತ್ತವೆ. ಹೊತ್ತು ಹಿಡಿದು ಹೊರಡಬೇಕು.

ಹೊರಡುವ ಮುನ್ನ ಮಂದಿರದ ಪಕ್ಕದ ಚಪ್ಪಲಿ ಗಲ್ಲಿ. ಹೆಸರು ಕೊಲ್ಹಾಪುರಿಯಾದರೂ 2019ರಲ್ಲಿ ಬಂದ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ. ಅಥಣಿಯ ಕಡೆ ಹೊಲಿದ ಜೋಡುಗಳು ಇಲ್ಲಿನ ಅಂಗಡಿಗಳಲ್ಲಿ ಬೇಕಾದಷ್ಟಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪೆನಿ ಇದೇ ಮಾದರಿಯ ಚಪ್ಪಲಿಯನ್ನು ಮಿಲಾನ್ ಪ್ರದರ್ಶನದಲ್ಲಿ ಹೆಸರು ಹೇಳದೆ ತೋರಿಸಿ ಗಲಾಟೆಯಾದ ಮೇಲೆ ಮೂಲ ಒಪ್ಪಿಕೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅಂಗಡಿಯವರು ಈಗ ಅದನ್ನು ಹೇಳಿಯೇ ಬೆಲೆ ಶುರು ಮಾಡುತ್ತಾರೆ. ಚೌಕಾಸಿಯನ್ನು ಮನೆಯವರಿಗೆ ಬಿಟ್ಟು ಗಂಡಸರು ಸುಮ್ಮನಿರುವುದು ಲಾಭದಾಯಕ. ಹೊಸ ಜೋಡು ಮೊದಲ ವಾರ ಕಚ್ಚುತ್ತದೆ, ಅದನ್ನೇ ಮೆಟ್ಟಿಕೊಂಡು ಬಸ್ಸಿಗೆ ಓಡಬೇಡಿ. ಕೊಲ್ಹಾಪುರ ಕೇಂದ್ರ ಬಸ್ ನಿಲ್ದಾಣದಿಂದ ಪುಣೆಗೆ ದಿನವಿಡೀ ಬಸ್ಸುಗಳಿವೆ. ಮಧ್ಯಾಹ್ನ ಎರಡರೊಳಗೆ ಹತ್ತಿದರೆ ಹೆದ್ದಾರಿ ಕಾಮಗಾರಿ, ಕಾತ್ರಜಿನ ಟ್ರಾಫಿಕ್ಕು ಎಲ್ಲ ಹಿಡಿದೂ ರಾತ್ರಿ ಊಟದ ಹೊತ್ತಿಗೆ ಸ್ವಾರಗೇಟ್‌ನಲ್ಲಿ ಇಳಿಯಬಹುದು.